ಒದ್ದೆ ಕುದುರೆಗಳ ಹಾಡಿನ ಕೊನೆ

ನಮ್ಮ ಊರಿನವರು ಸಮುದ್ರ ದಾಟಿ ಹೋಗಿ ಏನೇನನ್ನೋ ತಂದಿದ್ದಾರೆ. ಗೋಡೆ ಗಡಿಯಾರ ತಂದವರಿದ್ದಾರೆ, ಬಣ್ಣದ ಗಾಜಿನ ದೀಪ ತಂದವರಿದ್ದಾರೆ, ಬಿಳಿಯ ನವಿಲೊಂದನ್ನು ತಂದು, ಅದು ಮೊದಲ ಮಳೆಗೇ ಕೆಮ್ಮಿ ಸತ್ತಾಗ ಊರಿಗೆಲ್ಲ ಕೇಳುವಂತೆ ಅತ್ತವರೂ ಇದ್ದಾರೆ. ಆದರೆ ಒಂದು ಹಾಡಿನ ಕೊನೆಯನ್ನು ಕೆಡದಂತೆ, ಚೆಲ್ಲದಂತೆ ಕಡಲಿನ ಮೇಲೆ ಹೊತ್ತು ತಂದವರು ಇಬ್ಬರೇ: ನಮ್ಮ ತುಂಗತ್ತೆ ಮತ್ತು ನಾನು. ಆ ದಿನ ಬಂದರಿನ ಕಟ್ಟೆಯ ಮೇಲೆ ನಮ್ಮನ್ನು ಇದಿರುಗೊಂಡವರಲ್ಲಿ ಬಹುಮಂದಿ ಈಗ ಇಲ್ಲ. ಆದರೂ ಅದನ್ನು ನೆನೆದಾಗ ನನ್ನ ಎದೆ ಅಂದಿನಷ್ಟೇ ಉಬ್ಬುತ್ತದೆ. ಮುದುಕಿಯ ಜಂಬವೆಂದು ನಗುವವರು ನಗಲಿ. ಅವರು ನಕ್ಕು ಮುಗಿಸುವವರೆಗೆ ಕಾಯುವ ತಾಳ್ಮೆ ನನಗುಂಟು.

ನಮ್ಮಲ್ಲಿ ಹಾಡನ್ನು ಮುಗಿಸುವ ವಾಡಿಕೆಯಿಲ್ಲ. ಪೂರ್ತಿಯಾಗಿ ಕೇಳಿದ ಹಾಡು ಕೇಳಿದವರ ತಲೆಯಿಂದ ಇಳಿದುಹೋಗುತ್ತದೆ. ಹಾಡೊಂದಿತ್ತು ಎಂಬುದಷ್ಟೇ ಉಳಿಯುತ್ತದೆ. ಅದರ ಧಾಟಿಯೂ ಉಳಿಯುವುದಿಲ್ಲ, ಮಾತೂ ಉಳಿಯುವುದಿಲ್ಲ. ಹೀಗೆ ಹೋದದ್ದು ಆ ತಲೆಗೆ ಮತ್ತೆಂದೂ ಅಂಟುವುದೂ ಇಲ್ಲ. ಎಷ್ಟು ಸಲ ಕೇಳಿಸಿದರೂ ಕೆಸುವಿನೆಲೆಯ ಮೇಲೆ ನೀರು ಹೊಯ್ದಂತೆ. ಮೊದಲನ್ನು ಬಾಲ್ಯದಲ್ಲಿಯೂ ಕೊನೆಯನ್ನು ಮುಪ್ಪಿನಲ್ಲಿಯೂ ಕೇಳಿದರೂ ಅಷ್ಟೆ: ಎರಡೂ ಒಂದೇ ತಲೆಯೊಳಗೆ ಕೂಡಿದ ಗಳಿಗೆಯಲ್ಲಿ ಹಾಡು ಹೊರಟಿತೆಂದೇ ತಿಳಿಯಬೇಕು. ಆದ್ದರಿಂದ ನಮ್ಮ ತಾಯಂದಿರು ಜೋಗುಳವನ್ನು ಕೊನೆಗೆ ಮುಂಚೆಯೇ ನಿಲ್ಲಿಸಿ ಬರಿಯ ತೊಟ್ಟಿಲನ್ನು ತೂಗುತ್ತಾರೆ. ಮದುವೆಯ ಮನೆಯಲ್ಲಿ ಹಾಡು ಕೊನೆಗೆ ಬರುತ್ತಿದ್ದಂತೆ ಹಿರಿಯ ಹೆಂಗಸೊಬ್ಬಳು ಬಲಗೈಯನ್ನು ಮೇಲೆತ್ತುತ್ತಾಳೆ. ಅದನ್ನು ಕಂಡವರೆಲ್ಲ ತಾವೂ ಕೈಯೆತ್ತಿ ತಟ್ಟನೆ ಬಾಯಿ ಮುಚ್ಚುತ್ತಾರೆ. ದೇವಸ್ಥಾನದ ಅರ್ಚಕರು ಕಿವುಡರು. ಆ ಹುದ್ದೆಗೆ ಅದೇ ಅರ್ಹತೆ. ಮಂಗಳಾರತಿಯ ಕೊನೆಯ ಸಾಲಿಗೆ ಭಕ್ತರೆಲ್ಲ ದೂರದ ಕೆರೆಯ ಮೆಟ್ಟಿಲಿಗೆ ಹೋಗಿ ನಿಂತರೆ ಅವರೊಬ್ಬರೇ ದೇವರೆದುರು ಅದನ್ನು ಪೂರೈಸುತ್ತಾರೆ. ಗಂಡ ಗುನುಗುತ್ತಿದ್ದ ಹಾಡು ಅವನು ಸತ್ತ ಮೇಲೂ ಕಿವಿಯಲ್ಲಿ ಸುತ್ತುತ್ತಿದೆ ಎಂದು ಬಳೆ ಅಂಗಡಿಯ ಪಾರ್ವತಕ್ಕ ಅದನ್ನು ಪರವೂರಿನ ಯಾರಿಂದಲೋ ಪೂರ್ತಿ ಹಾಡಿಸಿಕೊಂಡು ಕೇಳಿ, ಮುಖ ತೊಳೆದು, ಅಂಗಡಿಗೆ ಹೋಗಿ ಕುಳಿತಳು. ಶಾಲೆಯ ಹುಡುಗಿಯರು ಜಗಳವಾಡಿದರೆ “ನಿನ್ನ ಹಾಡು ಮುಗಿಸಿಬಿಡ್ತೀನಿ ನೋಡು” ಎಂದು ಹೆದರಿಸುತ್ತಿದ್ದರು. ಅದಕ್ಕಿಂತ ದೊಡ್ಡ ಬೆದರಿಕೆ ನಮಗೆ ಗೊತ್ತಿರಲಿಲ್ಲ.

ಹೀಗಿರುವಾಗ, ನನಗೆ ಇಪ್ಪತ್ತು ದಾಟಿದ ಹೊಸದರಲ್ಲಿ, ಇಬ್ರಾಯಿ ಸಾಹೇಬರು ಆ ಗ್ರಾಮಫೋನ್ ತಟ್ಟೆಯನ್ನು ತಂದರು. ಅವರು ನಮ್ಮ ಊರಿನವರಲ್ಲ, ಅಳಿವೆಯ ಆಚೆ ದಡದವರು. ದೂರದೇಶಗಳಿಗೆ ಹೋಗುವ ಹಡಗೊಂದರಲ್ಲಿ ಅಡುಗೆಯವರು. ಯಾವುದೋ ಶೀತದೇಶದ ಬಂದರಿನಲ್ಲಿ ಒಂದು ಬೋಗುಣಿ ಮೀನುಸಾರಿಗೆ ಪ್ರತಿಯಾಗಿ ಅದು ಅವರ ಕೈಸೇರಿತ್ತಂತೆ. ಹೊದಿಕೆಯ ಮೇಲೆ ನಾಲ್ವರು ಗಂಡಸರೂ ಒಬ್ಬ ಹೆಂಗಸೂ ಕೋಟಿನ ಕಾಲರನ್ನು ಕಿವಿಯವರೆಗೆ ಎತ್ತಿಕೊಂಡು, ಯಾರೋ ಬೈದು ಕೂರಿಸಿದಂಥ ಮುಖದಿಂದ ಮರಳಿನ ಮೇಲೆ ಕುಳಿತಿದ್ದರು. ಅದು ರಾಕ್ ಸಂಗೀತದ ತಂಡ. ಅವರ ಹೆಸರನ್ನು ನಮ್ಮ ಮಾತಿಗೆ ತಿರುಗಿಸಿದರೆ ‘ಒದ್ದೆ ಕುದುರೆಗಳು’ ಎಂದಾಗುತ್ತದೆ.

ಚಹದಂಗಡಿಯ ಶಿವರುದ್ರಪ್ಪನವರು ತಟ್ಟೆಯನ್ನು ಇಟ್ಟು ವಾಡಿಕೆಯಂತೆ ಮುಳ್ಳಿನ ಮೇಲೆ ಬೆರಳು ಹಿಡಿದು ನಿಂತರು. ಕೊನೆ ಬಂದೊಡನೆ ಎತ್ತಬೇಕಲ್ಲವೆ? ಮೊದಲನೆಯ ಹಾಡೇ ಅದು. ಕೊನೆ ಬರಲಿಲ್ಲ. ಹಾಡು ಮುಗಿಯದೆ ದೂರ ಹೋಗತೊಡಗಿತು. ದಿಬ್ಬಣವೊಂದು ಬೀದಿಯ ತಿರುವಿನಲ್ಲಿ ಮರೆಯಾಗುವಂತೆ ದನಿ ಸಣ್ಣಗಾಗುತ್ತ ಸಣ್ಣಗಾಗುತ್ತ, ಇದೆಯೋ ಇಲ್ಲವೋ ಎಂಬಂತಾಗಿ, ಆಮೇಲೆ ಬರಿಯ ಮುಳ್ಳಿನ ಕರಕರ ಉಳಿಯಿತು. ಶಿವರುದ್ರಪ್ಪನವರ ಮುಖ ಬಿಳಿಚಿತು.

“ಅಯ್ಯೋ, ಎತ್ತಲಿಲ್ಲವಲ್ರೀ ನಾನು!”

“ನೆನಪಿದೆಯಾ?” ಎಂದು ಮೂಲೆಯಿಂದ ಯಾರೋ ಕೇಳಿದರು.

ಎಲ್ಲರೂ ಕಣ್ಣು ಮುಚ್ಚಿ ತಮ್ಮೊಳಗೆ ತಡಕಾಡಿದರು. ಹಾಡು ಅಲ್ಲಿಯೇ ಇತ್ತು, ಮೊದಲಿನಿಂದ ಮರೆಯಾದವರೆಗೂ ಇತ್ತು. ಹುಟ್ಟಿದ ಮೇಲೆ ಮೊದಲ ಸಲ ನಾವು ಒಂದು ಹಾಡನ್ನು ತಡೆಯದೆ, ಹೆದರದೆ, ಅದು ಹೋದಷ್ಟು ದೂರವೂ ಹಿಂದೆಯೇ ಹೋಗಿ ಕೇಳಿದ್ದೆವು. ಗುಟ್ಟಾಗಿ ಅತ್ತವರಿದ್ದರು. ನಾನು ಗುಟ್ಟು ಮಾಡಲಿಲ್ಲ. ಅಂದಿನಿಂದ ಮೇಲಿನ ಬೀದಿಯಲ್ಲಿ ಆ ಹಾಡು ಕೇಳದ ದಿನವೇ ಇರಲಿಲ್ಲ. ಅದು ಹೇಗಿತ್ತು ಎಂದು ಮಾತ್ರ ನನ್ನನ್ನು ಕೇಳಬಾರದು. ಏಕೆಂಬುದು ಮುಂದೆ ತಾನಾಗಿ ತಿಳಿಯುತ್ತದೆ.

ಊರಿಗೆ ಊರೇ ಮರುಳಾದರೂ ಮಣಿಯದವರು ತುಂಗತ್ತೆ ಒಬ್ಬರೇ. ಅವರು ನನ್ನ ತಂದೆಯ ತಂಗಿ. ಚಿಕ್ಕಂದಿನಲ್ಲಿಯೇ ಗಂಡನನ್ನು ಕಳೆದುಕೊಂಡು, ತಾಯಿಯಿಲ್ಲದ ನನ್ನನ್ನೂ ನನ್ನ ತಮ್ಮನನ್ನೂ ಸಾಕಿ, ಅವಲಕ್ಕಿ ಕುಟ್ಟಿ ಮನೆ ನಡೆಸಿದವರು. “ತಗಡು ಬಡಿಯೋ ಸದ್ದನ್ನ ಹಾಡು ಅಂತಾರಲ್ಲೇ, ಇವರಿಗೇನು ಬಂತು?” ಎಂದು ಅಂಗಡಿಯಲ್ಲಿ ಗ್ರಾಮಫೋನಿಗೆ ಕೀ ಕೊಡುವ ಶಬ್ದ ಕೇಳಿದರೆ ಸಾಕು, ಎರಡು ಕಿವಿಗೂ ಅರಳೆ ತುರುಕಿಕೊಳ್ಳುತ್ತಿದ್ದರು. ಹೀಗಾಗಿ ಆ ಹಾಡಿನ ಒಂದು ಸಾಲೂ ಅವರ ತಲೆಯೊಳಗೆ ಇಳಿದಿರಲಿಲ್ಲ. ಊರಿಗೆ ಒದಗಿದ ಭಾಗ್ಯವೆಂದರೆ ಆ ಹಟವೇ ಎಂದು ಆಗ ಯಾರಿಗೆ ಗೊತ್ತು?

ಮುಂದಿನ ಸಲ ಬಂದಾಗ ಇಬ್ರಾಯಿ ಸಾಹೇಬರು ಚಹದಂಗಡಿಯಲ್ಲಿ ಕುಳಿತು ನನಗೆ ಹೇಳಿದರು: “ನಾನು ಆ ತಂಡವನ್ನ ಕಣ್ಣಾರೆ ಕಂಡು ಬಂದೆ, ಮಂದಮ್ಮ. ಅವರು ಊರೂರು ತಿರುಗಿ ಹಾಡ್ತಾರೆ. ಎದುರಿಗೆ ಹಾಡುವಾಗ ನಿಮ್ಮ ಹಾಡು ಹೀಗೆ ದೂರ ಹೋಗೋದಿಲ್ಲ. ಮುಗೀತದೆ. ತಟ್ಟೆಯಲ್ಲಿ ಇಲ್ಲದ ಒಂದು ಕೊನೆ ಅದಕ್ಕೆ ಉಂಟು. ಅದು ಮುಗಿದ ಮೇಲೆ ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮೋದಿಲ್ಲ.”

“ಹೇಗಿತ್ತು ಸಾಹೇಬರೆ?” ಎಂದೆ.

“ಹಾಡಿ ತೋರಿಸಲಾ?”

ಅಂಗಡಿಯಲ್ಲಿದ್ದವರೆಲ್ಲರ ಬಲಗೈ ಒಟ್ಟಿಗೆ ಮೇಲೆ ಹೋಯಿತು. ಒಬ್ಬರ ಚಹದ ಲೋಟವೂ ಕೈಯೊಡನೆ ಮೇಲೆ ಹೋಗಿ ಪಕ್ಕದವರ ತಲೆಯ ಮೇಲೆ ಬರಿದಾಯಿತು.

ನಾನೂ ಕೈಯೆತ್ತಿದವಳೇ. ಆದರೆ ಮನೆಗೆ ಬಂದ ಮೇಲೆ ಆ ಎತ್ತಿದ ಕೈ ನನ್ನನ್ನು ಚುಚ್ಚತೊಡಗಿತು. ನನಗೆ ಹಾಡೂ ಬೇಕಾಗಿತ್ತು, ಅದರ ಕೊನೆಯೂ ಬೇಕಾಗಿತ್ತು. ನಮ್ಮ ಊರಿನ ಮರೆವು ನಮ್ಮ ಊರಿನ ನೀರಿಗೋ ಮಣ್ಣಿಗೋ ಸೇರಿದ್ದಾಗಿದ್ದರೆ, ಕಡಲಿನಾಚೆ ಅದರ ಆಟ ನಡೆಯದು. ಅಲ್ಲಿ ಹೋಗಿ, ಒದ್ದೆ ಕುದುರೆಗಳ ಹಿಂದೆ ಊರಿಂದೂರಿಗೆ ಅಲೆದು, ಕೊನೆಯನ್ನು ಕೇಳಿ, ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು ತಂದರೆ ಹೇಗೆ? ಊರಿನ ಹಿರಿಯರು ತಲೆಯಲ್ಲಾಡಿಸಿದರು. ತುಂಗತ್ತೆ ಒನಕೆಯನ್ನು ಗೋಡೆಗೆ ಒರಗಿಸಿ ನನ್ನ ಮುಖವನ್ನೇ ನೋಡಿದರು.

“ಹೋಗ್ಲೇಬೇಕೇನೇ?”

“ಹೋಗ್ಲೇಬೇಕು ಅತ್ತೆ.”

“ನೀನು ಹಾಡು ಕಳ್ಕೊಂಡು ಬಂದು ನನ್ನ ಸೆರಗು ಹಿಡ್ಕೊಂಡು ಅಳ್ತೀಯ. ಅದಕ್ಕಿಂತ ನಾನೇ ಜೊತೇಲಿ ಬರ್ತೀನಿ, ಅಲ್ಲೇ ಅತ್ತು ಮುಗಿಸ್ಕೋ. ಅರಳೆ ಒಂದು ಗಂಟು ಹೆಚ್ಚಾಗಿ ಕಟ್ಕೋತೀನಿ.”

ಇಬ್ರಾಯಿ ಸಾಹೇಬರ ಹಡಗಿನ ಅಡುಗೆಮನೆಗೆ ಇಬ್ಬರು ಕೆಲಸದವರು ಬೇಕಾಗಿದ್ದರು. ನಾವು ಮಹಾಸಾಗರವನ್ನು ಈರುಳ್ಳಿ ಹೆಚ್ಚುತ್ತ ದಾಟಿದೆವು. ಕಣ್ಣೀರಿನ ಮಂಜಿನಲ್ಲಿಯೇ ನಾನು ಮೊದಲು ಕಡಲಿನ ನಡುವನ್ನು ಕಂಡದ್ದು. ಅಲ್ಲಿ ನೀರು ನೀಲಿಯಲ್ಲ, ಹಳೆಯ ಕಂಚಿನ ಬಣ್ಣ. ಮೀನುಗಳು ರೆಕ್ಕೆ ಬಿಚ್ಚಿ ಹಾರಿಬಂದು ಅಡುಗೆಮನೆಯ ಕಿಟಕಿಯಲ್ಲಿ ಇಣುಕಿ, ಒಳಗಿನ ಬಾಣಲೆಯನ್ನು ಕಂಡು ಹಿಂದಿರುಗುತ್ತಿದ್ದವು. ದಿನಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಉದ್ದನೆಯ ಮಧ್ಯಾಹ್ನವಾಗಿ ಹರಿದವು. ಆಮೇಲೆ ಒಂದು ದಿನ ಗಾಳಿ ಚಳಿಯಾಯಿತು, ಹಕ್ಕಿಗಳು ಬಿಳಿಯಾದವು, ಮುಂದೆ ಕಲ್ಲಿನ ಊರೊಂದು ಮಂಜಿನಿಂದ ಎದ್ದು ನಿಂತಿತು.

ಆ ದೇಶದ ಬೇಸಗೆಯಲ್ಲಿ ಸಂಜೆಯೆಂಬುದು ಹೋಗಲೊಲ್ಲದ ನೆಂಟನಂತೆ ಬಾಗಿಲಲ್ಲಿಯೇ ನಿಂತಿರುತ್ತದೆ. ಬೆಳಕು ಇನ್ನೂ ಇರುವಾಗಲೇ ಜನ ಸಭಾಂಗಣಕ್ಕೆ ನುಗ್ಗಿದರು. ತುಂಗತ್ತೆ ಹೊದಿಕೆಯ ಮೇಲೆ ಹೊದಿಕೆ ಹೊದ್ದು, ಕಿವಿಗೆ ಅರಳೆ ಇಟ್ಟು, ಜಪಮಣಿ ಹಿಡಿದು ನನ್ನ ಪಕ್ಕದಲ್ಲಿ ಕುಳಿತರು. ನಾನು ಮೊದಲೇ ನಿಶ್ಚಯಿಸಿದ್ದೆ: ನನ್ನ ಹಾಡನ್ನು ಪಣಕ್ಕಿಡುವ ಮುಂಚೆ ಬೇರೊಂದು ಹಾಡಿನಿಂದ ಪರೀಕ್ಷೆ ನಡೆಯಬೇಕು. ಅವರು ಹಾಡಿದ ಮೊದಲನೆಯದನ್ನು ಕೊನೆಯವರೆಗೂ ಕೇಳಿದೆ. ಮುಗಿದ ಮರುಗಳಿಗೆಯಲ್ಲಿ ಅತ್ತೆ ಅರಳೆ ತೆಗೆದು ನನ್ನ ಗಲ್ಲ ಹಿಡಿದು ತಿರುಗಿಸಿದರು.

“ಏನೇ ಇದು, ಮುಖವೆಲ್ಲ ತೊಯ್ದು ಹೋಗಿದೆ? ಅಂಥದ್ದೇನು ಹಾಡಿದ್ರು?”

ನಾನು ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಗುಡಿಸಿ ಸಾರಿಸಿದ ಅಂಗಳದಂತೆ ಬರಿದಾಗಿತ್ತು. ಮರೆವು ನೀರಿನಲ್ಲಿ ಇರಲಿಲ್ಲ, ಮಣ್ಣಿನಲ್ಲಿಯೂ ಇರಲಿಲ್ಲ. ಅದು ನಮ್ಮೊಡನೆಯೇ ಟಿಕೆಟ್ಟಿಲ್ಲದೆ ಹಡಗು ಹತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿಯೇ ನನ್ನ ಹಾಡು ಶುರುವಾಯಿತು. ತಟ್ಟೆಯಲ್ಲಿ ಅದು ದೂರ ಹೋಗುವ ಜಾಗ ಬಂದೊಡನೆ, ಯೋಚಿಸುವುದಕ್ಕೂ ಮೊದಲೇ ನನ್ನ ಬಲಗೈ ಮೇಲೆದ್ದಿತು. ನಿಲ್ಲಿಸಿರೆಂದು ನಾನು ಬೇಡಿಕೊಂಡರೆ ನನ್ನ ಹಿಂದಿನ ಹುಡುಗ ಅದನ್ನು ಹರ್ಷವೆಂದು ತಿಳಿದು ತಾನೂ ಕೈಯೆತ್ತಿದ. ಅವನನ್ನು ನೋಡಿ ಅವನ ಸಾಲಿನವರು ಎತ್ತಿದರು. ನೋಡುನೋಡುತ್ತಿದ್ದಂತೆ ಸಭಾಂಗಣವೆಲ್ಲ ಕೈಗಳ ತೋಟವಾಯಿತು. ವೇದಿಕೆಯ ಮೇಲಿದ್ದವರು ಹಿಗ್ಗಿ ಮತ್ತಷ್ಟು ಜೋರಾಗಿ ನುಡಿಸಿದರು. ನಾನು ಎರಡು ಕಿವಿಯನ್ನೂ ಒತ್ತಿ ಹಿಡಿದು, ಅತ್ತೆಯ ಕಾಲನ್ನು ತುಳಿದು, ಬೀದಿಗೆ ಓಡಿದೆ.

ಮುಂದಿನ ಊರಿನಲ್ಲಿಯೂ ಹಾಗೆಯೇ, ಅದರ ಮುಂದಿನ ಊರಿನಲ್ಲಿಯೂ ಹಾಗೆಯೇ. ಒದ್ದೆ ಕುದುರೆಗಳು ರೈಲಿನಲ್ಲಿ ಹೋದರೆ ನಾವು ರೈಲಿನಲ್ಲಿ, ದೋಣಿಯಲ್ಲಿ ಹೋದರೆ ನಾವೂ ದೋಣಿಯಲ್ಲಿ. ಸೇತುವೆಗಳು ಬಾಗಿಲಿನಂತೆ ತೆರೆದುಕೊಳ್ಳುವ ಊರು, ಗಂಟೆಗಳು ಒಂದರ ಮಾತನ್ನು ಇನ್ನೊಂದು ಕೇಳದೆ ಬಾರಿಸುವ ಊರು, ಬೀದಿಯ ತುಂಬ ಬ್ರೆಡ್ಡಿನ ಪರಿಮಳ ಇದ್ದೂ ಒಬ್ಬರ ಮುಖವೂ ಕಾಣದ ಮಂಜಿನ ಊರು. ಎಲ್ಲ ಕಡೆಯೂ ನಾನು ಕೊನೆಗೆ ಮುಂಚೆ ಎದ್ದು ಹೊರಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಕಿವಿ ಮುಚ್ಚಿ ನಿಲ್ಲುತ್ತಿದ್ದೆ. ಕಲ್ಲಿನ ಗೋಡೆ ನನ್ನ ಬೆನ್ನಿನಲ್ಲಿ ಸಣ್ಣಗೆ ನಡುಗುವುದು. ಆ ನಡುಕವೇ ಕೊನೆ. ಬೆನ್ನಿಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಹಸಿದವಳು ಅಡುಗೆಮನೆಯ ಹೊರಗೋಡೆಯ ಬಿಸಿಗೆ ಕೈ ಕಾಯಿಸಿಕೊಂಡಂತೆ ಇತ್ತು ನನ್ನ ಸ್ಥಿತಿ. ಇಷ್ಟರಲ್ಲಿ ನನಗಿಂತ ಮುಂಚೆಯೇ ನನ್ನ ಕೈಸನ್ನೆ ಊರೂರನ್ನು ತಲುಪತೊಡಗಿತ್ತು. ಆ ಜಾಗ ಬಂದರೆ ಜನ ತಾವಾಗಿಯೇ ಬಲಗೈ ಎತ್ತುತ್ತಿದ್ದರು.

ಬದಲಾವಣೆಯಾದದ್ದು ಮಂಜಿನ ಊರಿನಲ್ಲಿ. ನಾನು ಎಂದಿನಂತೆ ಹೊರಗೆ ಓಡಿದ್ದೆ. ಜಪಮಣಿ ತಿರುವುತ್ತಿದ್ದ ತುಂಗತ್ತೆ ಏಕೋ ತಲೆಯೆತ್ತಿ, ನಗಾರಿಯಂಥ ವಾದ್ಯಗಳ ನಡುವೆ ಕುಳಿತ ಆ ಹೆಂಗಸನ್ನು ನೋಡಿದರಂತೆ. ಅವಳ ಕೈ ಏಳುವುದು, ಬೀಳುವುದು, ಬೀಳುವ ಮುಂಚೆ ಗಾಳಿಯಲ್ಲಿ ಒಂದಿಷ್ಟು ನಿಲ್ಲುವುದು. ಒನಕೆ ಹಿಡಿದವರಿಗೆ ಮಾತ್ರ ಗೊತ್ತಿರುವ ನಿಲುವು ಅದು. ಇಂಥ ಕೈಯಿಂದ ಎಂಥ ಸದ್ದು ಬರುತ್ತದೆಂದು ಕೇಳಲೇಬೇಕೆನಿಸಿ ಅತ್ತೆ ಅರಳೆಯನ್ನು ಕಿತ್ತು ಬಿಸಾಡಿದರು.

ಮರುದಿನ ಬೆಳಗ್ಗೆ ವಸತಿಗೃಹದ ಕಿಟಕಿಯ ಬಳಿ ಕುಳಿತು ತಲೆ ಬಾಚಿಕೊಳ್ಳುತ್ತ ಅವರು ಏನನ್ನೋ ಗುನುಗತೊಡಗಿದರು. ನಾನು ಹಾಸಿಗೆಯಲ್ಲಿ ಇನ್ನೂ ಅರೆನಿದ್ದೆಯಲ್ಲಿದ್ದೆ.

“ಅದೇನತ್ತೆ ಅದು?”

“ಅದೇ ಕಣೇ, ನೀನು ಓಡಿಹೋದ್ಮೇಲೆ ಬಾರಿಸಿದ್ರಲ್ಲ, ಕೊನೇದು.”

“ನಿಲ್ಸಿ!” ಎಂದು ಚೀರಿ, ದಿಂಬನ್ನು ತಲೆಗೆ ಸುತ್ತಿಕೊಂಡು ಮೆಟ್ಟಿಲು ಇಳಿದು ಓಡಿದೆ. ವಸತಿಗೃಹದ ಯಜಮಾನಿ ಬೆಂಕಿ ಬಿತ್ತೆಂದು ಬಗೆದು ಬಕೆಟ್ಟು ಹಿಡಿದು ಬಂದಳು. ಅತ್ತೆ ಬಾಚಣಿಗೆಯನ್ನು ಕೂದಲಿನಲ್ಲಿಯೇ ಬಿಟ್ಟು ಹಿಂದೆಯೇ ಇಳಿದುಬಂದರು. ಬೀದಿಯ ನಡುವೆ ಇಬ್ಬರೂ ಮುಖಾಮುಖಿ ನಿಂತೆವು. ಇಬ್ಬರಿಗೂ ಒಂದೇ ಸಲಕ್ಕೆ ಹೊಳೆಯಿತು. ಮೊದಲನ್ನು ಕೇಳದವರಿಗೆ ಕೊನೆ ಉಳಿಯುತ್ತದೆ. ಊರು ಹುಟ್ಟಿದಂದಿನಿಂದ ಹಾಡನ್ನು ಕೊನೆಗೆ ಮುಂಚೆ ನಿಲ್ಲಿಸುವುದನ್ನು ಮಾತ್ರ ಕಲಿತ ನಮಗೆ, ಕೊನೆಯಿಂದ ಶುರುಮಾಡಬಹುದೆಂದು ಒಬ್ಬರಿಗೂ ತೋಚಿರಲಿಲ್ಲ.

ಅತ್ತೆ ದಿಂಬಿನ ಅಂಚನ್ನು ಸರಿಸಿ ನನ್ನ ಕಿವಿಯಲ್ಲಿ ಹೇಳಿದರು: “ಮೊದಲು ನಿಂದು, ಕೊನೆ ನಂದು. ಹೊತ್ಕೊಂಡು ಹೋಗೋಣ ನಡಿ. ಆದ್ರೆ ಈ ಒಂದು ಸಲ ಕೇಳಿದ್ದು ಸಾಲದು, ಗಟ್ಟಿಯಾಗ್ಬೇಕು.”

ಹೀಗೆ ಮಿಕ್ಕ ಊರುಗಳನ್ನೆಲ್ಲ ನಾವು ಪಾಳಿಯ ಮೇಲೆ ಕೇಳಿದೆವು. ಜನ ಕೈಯೆತ್ತಿದ್ದೇ ಗುರುತು: ನಾನು ಎದ್ದು ಹೊರಡುವುದು, ಅತ್ತೆ ಅರಳೆ ತೆಗೆಯುವುದು. ಬಾಗಿಲ ಬಳಿ ಹಿಂದಿರುಗಿ ನೋಡಿದರೆ, ಅತ್ತೆ ಮೈಮರೆತು ಮೊಣಕಾಲಿನ ಮೇಲೆ ಮುಷ್ಟಿಯಿಂದ ಕುಟ್ಟುತ್ತಿದ್ದುದು ಕಾಣುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ಸುಳ್ಳಲ್ಲ. ನಾನು ಕಡಲು ದಾಟಿದ್ದು ಯಾವುದಕ್ಕಾಗಿಯೋ ಅದು ನನಗೆ ಬೆನ್ನು ತೋರಿಸಿ, ತಗಡಿನ ಸದ್ದೆಂದು ಹಳಿದವರ ತೊಡೆಯ ಮೇಲೆ ಹೋಗಿ ಕುಳಿತಿತ್ತು.

ಕೊನೆಯ ಊರಿನಲ್ಲಿ ತಂಡದವರೇ ನಮ್ಮನ್ನು ಕರೆಯಿಸಿಕೊಂಡರು. ಆ ವಾದ್ಯದ ಹೆಂಗಸಿನ ಹೆಸರು ಹೆಲ್ಗಾ. ಎಲ್ಲರೂ ಕೈಯೆತ್ತುವುದನ್ನು ಶುರುಮಾಡಿದವಳು ನೀನಂತೆ, ಅದರ ಅರ್ಥವೇನು ಎಂದು ಕೇಳಿದಳು. ನನ್ನ ಶಾಲೆಯ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಅಷ್ಟರಲ್ಲಿ ಅತ್ತೆ ಅವಳ ಅಂಗೈಯನ್ನು ತಮ್ಮ ಕಡೆಗೆ ಎಳೆದುಕೊಂಡು ಜಡ್ಡುಗಟ್ಟಿದ ಕಡೆಗಳನ್ನು ಒತ್ತಿ ನೋಡಿ, ತಮ್ಮ ಅಂಗೈಯನ್ನು ಅದರ ಪಕ್ಕದಲ್ಲಿ ಹಿಡಿದರು. “ಹರಳೆಣ್ಣೆ ಹಚ್ಕೊಳಮ್ಮ, ಬಿರುಕು ಬಿಡತ್ತೆ” ಎಂದು ಕನ್ನಡದಲ್ಲಿಯೇ ಹೇಳಿದರು. ಹೆಲ್ಗಾ ಏನು ತಿಳಿದಳೋ, ಗಂಭೀರವಾಗಿ ತಲೆಯಾಡಿಸಿದಳು. ಹಾಡುಗಾರ ಮಾತ್ರ, “ಆ ಹಾಡನ್ನು ಪ್ರತಿ ಸಂಜೆಯೂ ಹೊಸದಾಗಿ ಕೇಳಿದವನಂತೆ ನಟಿಸಿ ನಟಿಸಿ ನನಗೆ ಸಾಕಾಗಿದೆ. ನಿಮ್ಮ ಊರಿನಲ್ಲಿ ಹುಟ್ಟಬೇಕಾಗಿತ್ತು” ಎಂದ. ಅವನಿಗೆ ಹುಚ್ಚೆಂದುಕೊಂಡೆ. ಕಳೆದುಕೊಳ್ಳುವುದರಲ್ಲಿ ಏನಿದೆ ಎಂದು ಆ ವಯಸ್ಸಿನಲ್ಲಿ ನನಗೆ ಹೇಗೆ ಗೊತ್ತಾಗಬೇಕು!

ಹಿಂದಿರುಗುವಾಗ ಹಡಗಿನ ಮೂತಿಯ ಕಡೆಗೆ ನಾನು, ಬಾಲದ ಕಡೆಗೆ ಅತ್ತೆ. ಇಬ್ಬರೂ ತಂತಮ್ಮ ಪಾಲನ್ನು ಗಾಳಿಗೆ ಮಾತ್ರ ಒಪ್ಪಿಸುತ್ತ ಬಂದೆವು. ನಡುವೆ ಇಬ್ರಾಯಿ ಸಾಹೇಬರು ಬಾಣಲೆ ಬಡಿಯುತ್ತಿದ್ದರು, ಒಂದರ ಸದ್ದು ಇನ್ನೊಂದಕ್ಕೆ ತಾಕದಿರಲೆಂದು. ಬಂದರಿನಲ್ಲಿ ಊರೆಲ್ಲ ನೆರೆದಿತ್ತು. “ತಂದಿರಾ?” ಎಂದು ದೂರದಿಂದಲೇ ಕೂಗಿದರು. “ತಂದಿದೀವಿ! ಆದ್ರೆ ಹತ್ರ ಬರ್ಬೇಡಿ!” ಎಂದು ಅತ್ತೆ ಕೂಗಿದರು.

ಆಮೇಲೆ ಊರು ಅದಕ್ಕೆ ಹೊಂದಿಕೊಂಡ ಬಗೆಯನ್ನು ಇಂದಿನವರು ಹುಟ್ಟಿನಿಂದ ಕಂಡಿದ್ದಾರೆ. ತಟ್ಟೆ ಕೇಳಿದ ಮೇಲಿನ ಬೀದಿಯವರು ‘ಮೊದಲಿನವರು’ ಆದರು. ಅತ್ತೆ ಕಾಲುವೆಯಾಚೆಯ ಕೆಳಗಿನ ಬೀದಿಯಲ್ಲಿ ಮನೆ ಮಾಡಿ, ಅಲ್ಲಿ ಹುಟ್ಟಿದ ಮಕ್ಕಳಿಗೆ ಕೊನೆಯನ್ನು ಕಲಿಸಿದರು, ಅವರು ‘ಕೊನೆಯವರು’. ಹಬ್ಬದ ದಿನ ಮೊದಲಿನವರು ಹಾಡುತ್ತ ಕಾಲುವೆಯವರೆಗೆ ಬರುವುದು, ಅವರ ದನಿ ಕೇಳದಷ್ಟು ದೂರದಲ್ಲಿ ಕೊನೆಯವರು ಕಾಯುವುದು. ಕಿವುಡ ಅರ್ಚಕರು ಬಾವುಟ ಬೀಸಿದರೆ ಮೊದಲಿನವರು ಹಿಂದಿರುಗಿ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ಕೊನೆಯವರು ಶುರುಮಾಡುವುದು. ಪೂರ್ತಿ ಹಾಡು ಊರಿನ ಮೇಲೆ ಹೋಗುತ್ತದೆ. ಹಕ್ಕಿಗಳು ಬಿಟ್ಟರೆ ಪೂರ್ತಿ ಕೇಳಿದವರಿಲ್ಲ. ಎರಡು ಬೀದಿಗಳ ನಡುವೆ ಮದುವೆಗಳೂ ಆಗಿವೆ. ಅಂಥ ಮನೆಯ ಗಂಡ ಸ್ನಾನ ಮಾಡುವಾಗ ಹೆಂಡತಿ ಪೇಟೆಗೆ ಹೋಗುತ್ತಾಳೆ.

ತುಂಗತ್ತೆ ತಮ್ಮ ಪಾಲನ್ನು ಕಡೆಯವರೆಗೂ ಜೋಪಾನ ಮಾಡಿ ತೀರಿಕೊಂಡರು. ನಾನು ಹುಡುಗಿಯರ ಶಾಲೆಯಲ್ಲಿ ಪ್ರಬಂಧ ಕಲಿಸುತ್ತ, ಸಂಜೆ ಮೊದಲಿನವರ ಮಕ್ಕಳಿಗೆ ಹಾಡು ತಿದ್ದುತ್ತ ಮುದುಕಿಯಾದೆ. ನಾನು ಬೀದಿಯಲ್ಲಿ ಹೋದರೆ ಜನ ಎದ್ದು ನಿಲ್ಲುತ್ತಾರೆ. ಹಾಡು ತಂದವರು ಎನ್ನುತ್ತಾರೆ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜವೆಂದು ನನಗೊಬ್ಬಳಿಗೆ ಗೊತ್ತು. ಕಡಲಾಚೆಯ ಅಷ್ಟೂ ಊರುಗಳ ಗೋಡೆಗಳು ನನ್ನ ಬೆನ್ನಿನಲ್ಲಿ ಇನ್ನೂ ನಡುಗುತ್ತಿದ್ದವು.

ಹೋದ ಬೇಸಗೆಯಲ್ಲಿ ನನ್ನ ಎಡಗಿವಿ ನಿಂತುಹೋಯಿತು. ಬಲಗಿವಿಯೂ ಅದೇ ದಾರಿಯಲ್ಲಿದೆ, ಮಳೆಗಾಲ ಕಳೆಯುವುದು ಅನುಮಾನ ಎಂದರು ವೈದ್ಯರು. ಅಂದು ನನ್ನ ಜೊತೆಗಿದ್ದವಳು ಚಿನ್ಮಯಿ, ನನ್ನ ತಮ್ಮನ ಮೊಮ್ಮಗಳು. ಕೆಳಗಿನ ಬೀದಿಯಲ್ಲಿ ಅತ್ತೆಯ ಕೈಯಲ್ಲಿ ಬೆಳೆದ ‘ಕೊನೆಯವಳು’. ಈಗ ಬಂದರಿನಲ್ಲಿ ದೋಣಿ ನಡೆಸುತ್ತಾಳೆ. ಮನೆ ತಲುಪಿದೊಡನೆ ಅವಳು ನನ್ನ ಬಲಗಿವಿಯ ಬಳಿಗೆ ಬಾಯಿ ತಂದಳು.

“ಅಜ್ಜಿ, ಕಿವಿ ಇರೋವಾಗ್ಲೇ ಕೇಳಿಬಿಡಿ. ನಾನು ಹಾಡ್ತೀನಿ.”

“ಹುಚ್ಚು ಹುಡುಗಿ. ಕೇಳಿದ್ರೆ ನನ್ನದು ಹೋಗತ್ತೆ.”

“ಕಿವುಡಿ ಆದ್ಮೇಲೆ ಇಟ್ಕೊಂಡು ಏನ್ಮಾಡ್ತೀರಿ? ಉಪ್ಪು ಹಾಕ್ತೀರಾ?”

“ಹಾಡು ಹೋದ್ಮೇಲೆ ನಾನು ಯಾರೇ ಈ ಊರಿಗೆ?”

“ಹಾಡು ಹೋದ್ರೆ ಹಡಗು ಹೋಗತ್ತಾ? ಈರುಳ್ಳಿ ಹೋಗತ್ತಾ? ದಿಂಬು ಸುತ್ಕೊಂಡು ಬೀದೀಲಿ ಓಡಿದ್ದು ಹೋಗತ್ತಾ? ಅದೆಲ್ಲ ನಿಮ್ಮ ಹತ್ರಾನೇ ಇರತ್ತಲ್ಲ.” ಅವಳು ಒಂದು ಬೆರಳೆತ್ತಿದಳು. “ಆದ್ರೆ ಒಂದು ಷರತ್ತು. ಮೊದಲು ನೀವು ಹಾಡ್ಬೇಕು. ನಾನೂ ಕೇಳ್ತೀನಿ.”

“ಬೇಡ. ನಿನಗಿನ್ನೂ ಬದುಕೆಲ್ಲ ಮುಂದಿದೆ. ನಿನ್ನ ಪಾಲನ್ನು ಯಾಕೆ ಕಳ್ಕೋತೀಯ?”

“ಊಟಕ್ಕೆ ಕರೆದು ಕೈ ತೊಳೆಯೋಕೆ ಮಾತ್ರ ನೀರು ಕೊಟ್ಟ ಹಾಗೆ ಬೆಳೆಸಿದೀರಿ ನನ್ನ. ಯಾವುದರ ಕೊನೆ ಅಂತಾನೇ ಗೊತ್ತಿಲ್ಲದೆ ಕೊನೆ ಹಾಡ್ಕೊಂಡು ಓಡಾಡ್ತೀನಿ. ನಿಮಗೆ ಕೊನೆ ಇಲ್ಲ ಅಂತ ನೋವು. ನನಗೆ ಮೊದಲೇ ಇಲ್ಲ ಅಜ್ಜಿ.”

ಇಷ್ಟು ವರ್ಷ ನನ್ನ ಕೊರತೆಯನ್ನೇ ಎಣಿಸುತ್ತ ಕುಳಿತವಳಿಗೆ, ಕಾಲುವೆಯಾಚೆ ಅದರದೇ ಇನ್ನೊಂದು ಮಗ್ಗುಲು ಬೆಳೆಯುತ್ತಿದ್ದುದು ಕಂಡಿರಲಿಲ್ಲ.

ಮರುದಿನ ಮಧ್ಯಾಹ್ನ, ಯಾರ ಕಿವಿಗೂ ಬೀಳದಷ್ಟು ದೂರಕ್ಕೆ ಅವಳ ದೋಣಿಯಲ್ಲಿ ಹೋದೆವು. ದಡದ ತೆಂಗುಗಳು ಹುಲ್ಲಿನ ಎಸಳುಗಳಂತಾದ ಮೇಲೆ ಅವಳು ಹುಟ್ಟನ್ನು ಒಳಗಿಟ್ಟಳು. ನೀರು ಅಲುಗಾಡದೆ, ಕಾಯಿಸಿದ ಹಾಲಿನ ಕೆನೆಯಂತೆ ಬಿಸಿಲಿನಡಿಯಲ್ಲಿ ಮಲಗಿತ್ತು. ನಾನು ಬೆನ್ನು ನೇರಮಾಡಿ ಕುಳಿತು, ಗಂಟಲು ಸರಿಮಾಡಿಕೊಂಡು, ಹಾಡತೊಡಗಿದೆ.

ಆಮೇಲಿನದನ್ನು ನಾನು ಹೇಳಲಾರೆ. ಗುರುತುಗಳಿಂದ ಊಹಿಸಬಲ್ಲೆ, ಅಷ್ಟೆ. ದೋಣಿ ನಮಗೆ ತಿಳಿಯದಂತೆಯೇ ತೇಲಿಹೋಗಿ ದೀಪಸ್ತಂಭದ ಆಚೆಗೆ ಬಂದಿತ್ತು. ಬಿಸಿಲು ನನ್ನ ಎಡಭುಜದಿಂದ ಬಲಭುಜಕ್ಕೆ ದಾಟಿತ್ತು. ನನ್ನ ಸೆರಗಿನ ಅಂಚು ಚಿನ್ಮಯಿಯ ಮುಷ್ಟಿಯಲ್ಲಿತ್ತು. ಅವಳ ಮೊಣಕಾಲಿನ ಮೇಲೆ ಯಾರೋ ಬಡಿದ ಹಾಗೆ ಕೆಂಪಗಾಗಿತ್ತು. ನನ್ನೊಳಗೆ ಹುಡುಕಿದೆ. ಇಡೀ ಆಯುಷ್ಯ ನಾನು ಕಾದುಕೊಂಡಿದ್ದ ಜಾಗ ಬರಿದಾಗಿತ್ತು. ಆದರೆ ಬೆನ್ನಿನ ನಡುಕ ನಿಂತಿತ್ತು. ಏನೋ ಒಂದು ಬಹಳ ದೊಡ್ಡದು ಈಗಷ್ಟೇ ನಮ್ಮಿಬ್ಬರ ಮೂಲಕ ಹಾದುಹೋದಂತೆ ಮೈಯೆಲ್ಲ ಹಗುರಾಗಿತ್ತು. ಒಂದು ತೊಟ್ಟು ಕಣ್ಣೀರು ಬಂದು ತುಟಿಯ ಮೇಲೆ ನಿಂತಿತು. ಅದು ದುಃಖದ್ದಲ್ಲವೆಂದು ಮಾತ್ರ ಬಲ್ಲೆ.

ಚಿನ್ಮಯಿ ಹುಟ್ಟನ್ನು ನೀರಿಗಿಳಿಸಿ, ದೋಣಿಯ ಮುಖವನ್ನು ಊರಿನ ಕಡೆಗೆ ತಿರುಗಿಸಿದಳು.

“ಅಜ್ಜಿ, ಇನ್ನು ನಮ್ಮಿಂದ ಹೋಗೋದಕ್ಕೆ ಏನೂ ಉಳಿದಿಲ್ಲ ಅಲ್ವಾ?”

“ಇಲ್ಲ ಕಣೇ.”

“ಹಾಗಾದ್ರೆ ಎರಡು ಬೀದಿಯವರ ಹಾಡನ್ನೂ ನಾವಿಬ್ಬರು ಕೂತು ಕೇಳಬಹುದು. ಎಷ್ಟು ಸಲ ಬೇಕಾದ್ರೂ, ಪ್ರತಿ ಸಲಾನೂ ಹೊಸದಾಗಿ.” ಅವಳು ನನ್ನ ಬಲಗಿವಿಯ ಕಡೆಗೆ ಬಾಗಿದಳು. “ಅದು ಏನಾಗಿತ್ತೋ ನನಗೆ ಗೊತ್ತಿಲ್ಲ ಅಜ್ಜಿ. ಆದ್ರೆ ಇನ್ನೊಂದು ಸಲ ಕೇಳ್ಬೇಕು. ಇವತ್ತೇ ಕೇಳೋಣ.”